ಆ ದೊಡ್ಡ ಮೂಗಿನ ನಟ ಫ್ರುಂಜಿಕ್ ಮ್ಕರ್ತ್‌ಚ್ಯಾನ್

1980ರ 'ಅಲಿಬಾಬಾ ಔರ್ 40 ಚೋರ್' ನೋಡಿ, ಧರ್ಮೇಂದ್ರ ಜೊತೆ ಬರುವ ಆ ದೊಡ್ಡ ಮೂಗಿನ, ಬೇಸರದ ಕಣ್ಣಿನ ನಟ ಯಾರು, ಅವರ ಬೇರೆ ಯಾವ ಸಿನಿಮಾ ನೋಡಲಿ ಅಂತ ಕೇಳಿದ್ದೀರಿ. ಅವರು ಆರ್ಮೇನಿಯಾದ ಫ್ರುಂಜಿಕ್ ಮ್ಕರ್ತ್‌ಚ್ಯಾನ್. ಮ್ಹೆರ್ ಅಂತಲೂ ಕರೆಯುತ್ತಾರೆ. ಅದು ಭಾರತ ಮತ್ತು ಸೋವಿಯತ್ ಒಕ್ಕೂಟ ಸೇರಿ ತೆಗೆದ ಚಿತ್ರ, ಆರ್ಮೇನಿಯಾ ಆಗ ಆ ಒಕ್ಕೂಟದ ಭಾಗ, ಹಾಗಾಗಿ ಅವರು ಅಲ್ಲಿದ್ದಾರೆ.

ಹುಟ್ಟಿದ್ದು 1930ರಲ್ಲಿ, ಲೆನಿನಕಾನ್‌ನಲ್ಲಿ. ಈಗ ಆ ಊರಿಗೆ ಗ್ಯುಮ್ರಿ ಅಂತ ಹೆಸರು. ಅಪ್ಪ ಅಮ್ಮ ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದರು. ಆಮೇಲೆ ಆರ್ಮೇನಿಯಾದ ರಾಜಧಾನಿ ಯೆರೆವಾನ್‌ನ ಸುಂದುಕ್ಯಾನ್ ರಂಗಮಂದಿರ ಸೇರಿ ವರ್ಷಗಟ್ಟಲೆ ನಾಟಕ ಆಡಿದರು. ಸಿನಿಮಾದಲ್ಲಿ ಅವರು ಸುಮ್ನೆ ನಿಂತರೂ ಕಣ್ಣು ಅವರ ಮೇಲೇ ಹೋಗುತ್ತದೆ ಅಲ್ವಾ, ಅದು ರಂಗದ ಮೇಲೆ ಬೆಳೆದದ್ದು ಅಂತ ನನ್ನ ನಂಬಿಕೆ.

ಮೊದಲು 1977ರ 'ಮಿಮಿನೊ' ನೋಡಿ. ಅದರಲ್ಲಿ ಅವರು ಆರ್ಮೇನಿಯಾದ ದಿಲಿಜಾನ್ ಊರಿನ ಲಾರಿ ಡ್ರೈವರ್ ರುಬಿಕ್. ಮಾಸ್ಕೋದ ಹೋಟೆಲಿನಲ್ಲಿ ಒಬ್ಬ ಜಾರ್ಜಿಯನ್ ಪೈಲಟ್ ಜೊತೆ ಗೆಳೆತನವಾಗುತ್ತದೆ, ಇಬ್ಬರಿಗೂ ಆ ದೊಡ್ಡ ನಗರ ಪರಕೀಯ, ತಮ್ಮ ಊರಿನ ನೆನಪೇ ಜಾಸ್ತಿ, ನಗುತ್ತಾ ನಗುತ್ತಾ ನಮಗೂ ಗಂಟಲು ಕಟ್ಟುತ್ತದೆ. ಈ ಚಿತ್ರಕ್ಕೆ ಸೋವಿಯತ್ ರಾಜ್ಯ ಪ್ರಶಸ್ತಿಯೂ ಬಂತು. ಆಮೇಲೆ 1982ರ 'ಹಳೆಯ ದಿನಗಳ ಹಾಡು'. ನಿರ್ದೇಶನ ಅವರ ತಮ್ಮ ಆಲ್ಬರ್ಟ್‌ದು, ಕಥೆ ಎರಡನೇ ಮಹಾಯುದ್ಧದ ಕಾಲದ ಲೆನಿನಕಾನ್‌ನದು. ಇದನ್ನು ಒಬ್ಬರೇ ಕೂತು ನೋಡಿ.

1993ರ ಡಿಸೆಂಬರ್‌ನಲ್ಲಿ ಯೆರೆವಾನ್‌ನಲ್ಲಿ ತೀರಿಕೊಂಡರು. ಗ್ಯುಮ್ರಿಗೆ ಹೋದರೆ ಅವರ ಪ್ರತಿಮೆಯೂ ಇದೆ, ಅವರ ಹೆಸರಿನ ಮ್ಯೂಸಿಯಂ ಕೂಡ ಇದೆ.