ಎರಡು ಪಟ್ಟಿಯ ಮಿಂಚುಳ್ಳಿ

ರಾಯರು ನನ್ನ ಕೌನ್ಸೆಲಿಂಗ್ ಕೋಣೆಯ ಕುರ್ಚಿಯಲ್ಲಿ ಕೂತವರೇ ಹೇಳಿದರು: "ನನಗೇನೂ ತೊಂದರೆ ಇಲ್ಲ ಮೇಡಂ. ನಮ್ಮ ಮನೆಯವರು ಹೋಗಿ ಬನ್ನಿ ಅಂದರು, ಬಂದೆ."

ರಾಯರು ಅನ್ನೋದು ನಾನಿಟ್ಟ ಹೆಸರು. ಗುರುತು ಸಿಗುವ ಬೇರೆ ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು 62. ಬ್ಯಾಂಕಿನ ಆಡಿಟ್ ವಿಭಾಗದಲ್ಲಿದ್ದು ನಿವೃತ್ತರಾದವರು. ಈಗ ಕ್ಯಾಮೆರಾ ಹುಚ್ಚು. ಬೆಳಗಾದರೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ನೋಡಲು ಹದಿನಾರು ಅನ್ನೋ ಊರಿನ ಕೆರೆ. ಇಂಥದ್ದೇ ಹುಚ್ಚಿನ ಹನ್ನೆರಡು ಜನ ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತಾರೆ. ಟಿವಿಗೆ ಫೋಟೊ ಹಾಕಿ, ಉಪ್ಪಿಟ್ಟು ತಿನ್ನುತ್ತಾ ಮಾತಾಡುತ್ತಾರೆ.

ಹನ್ನೆರಡು ಈಗ ಎಂಟಾಗಿದೆ. ಕೊನೆಗೆ ಬಿಟ್ಟವರು ಒಬ್ಬ ಶಾಲಾ ಟೀಚರ್. ಮೂರು ಭಾನುವಾರ ಕಾದು, ತಂತಿಯ ಮೇಲೆ ಕೂತ ಕಪ್ಪು ಬಿಳುಪು ಮಿಂಚುಳ್ಳಿಯನ್ನು ತೆಗೆದಿದ್ದರಂತೆ. ಬಾಯಲ್ಲಿ ಮೀನು. ರಾಯರು ನೋಡಿ ಅಂದಿದ್ದು ಇಷ್ಟು: "ತಂತಿ. ಹಿಂದೆ ಯಾರದೋ ಮನೆ ಸಿಂಟೆಕ್ಸ್ ಟ್ಯಾಂಕು. ಬೆಳಕು ಜಾಸ್ತಿಯಾಗಿ ಎದೆಯ ಬಿಳಿ ಪೂರ್ತಿ ಸುಟ್ಟಿದೆ. ಇದನ್ನ ಯಾಕೆ ಇಟ್ಕೊಂಡಿದ್ದೀರಿ?"

"ಅದರಲ್ಲಿ ಸುಳ್ಳೇನಿದೆ?" ಅಂತ ನನ್ನನ್ನೇ ಕೇಳಿದರು. ಸುಳ್ಳೇನೂ ಇರಲಿಲ್ಲ.

"ಚೆನ್ನಾಗಿರೋ ಫೋಟೊ ಬಂದರೆ ಏನು ಹೇಳ್ತೀರಿ ಸರ್?"

ಸ್ವಲ್ಪ ಯೋಚಿಸಿದರು. "ಏನೂ ಹೇಳಲ್ಲ. ಮುಂದಿನದು ಹಾಕಿ ಅಂತೀನಿ."

ಅಷ್ಟೂ ವರ್ಷ ಅವರ ಕೆಲಸ ಹಾಗೇ ನಡೆದಿತ್ತು. ಲೆಕ್ಕ ಸರಿಯಿದ್ದರೆ ವರದಿಯಲ್ಲಿ ಏನೂ ಇಲ್ಲ, ತಪ್ಪಿದ್ದರೆ ಒಂದು ಪ್ಯಾರಾ. ಬ್ರಾಂಚ್ ಮ್ಯಾನೇಜರಿಗೆ ಆಡಿಟರ್ ಸುಮ್ಮನಿದ್ದರೆ ಅದೇ ಶಹಬ್ಬಾಸ್. ಟೀಚರಿಗೆ ಆ ಭಾಷೆ ಹೇಗೆ ಗೊತ್ತಾಗಬೇಕು?

ಎರಡನೇ ಭೇಟಿಗೆ ಆ ಫೋಟೊ ತರಲು ಹೇಳಿದ್ದೆ. ಗುಂಪಿನ ಪೆನ್‌ಡ್ರೈವಿನಲ್ಲಿ ಇತ್ತು, ಪ್ರಿಂಟ್ ಹಾಕಿಸಿ ತಂದರು. "ಸರಿ ತಪ್ಪು ಬೇಡ. ಏನು ಕಾಣುತ್ತೆ, ಬರೀ ಅದನ್ನ ಹೇಳಿ" ಅಂದೆ. ಮೊದಲು ಮುಖ ಸಿಂಡರಿಸಿದರು. ಆಮೇಲೆ ಕನ್ನಡಕ ಹಣೆಗೇರಿಸಿ, ಪ್ರಿಂಟನ್ನು ಕಣ್ಣಿನ ಹತ್ತಿರ ಹಿಡಿದರು.

"ಎದೆ ಮೇಲೆ ಎರಡು ಕಪ್ಪು ಪಟ್ಟಿ ಇದೆ. ಗಂಡು. ಹೆಣ್ಣಿಗೆ ಒಂದೇ, ಅದೂ ನಡುವೆ ತುಂಡಾಗಿರುತ್ತೆ. ಮೀನು ನೋಡಿ, ತಲೆ ಹೊರಗಡೆಗಿದೆ. ತಾನೇ ತಿನ್ನೋದಾದ್ರೆ ತಲೆ ಗಂಟಲ ಕಡೆ ತಿರುಗಿಸ್ಕೊಳ್ಳತ್ತೆ. ಇಲ್ದಿದ್ರೆ ಕಿವಿರು, ಮುಳ್ಳು ಚುಚ್ಚುತ್ತಲ್ಲ. ಇದು ಇನ್ಯಾರಿಗೋ ಕೊಡೋಕೆ ಹೊರಟಿದೆ. ಹೆಣ್ಣಿಗೋ, ಮರಿಗೋ." ಒಂದು ಕ್ಷಣ ಸುಮ್ಮನಿದ್ದು, "ಕಣ್ಣು ಶಾರ್ಪ್ ಆಗಿದೆ" ಅಂದರು.

"ಇದನ್ನ ಅವತ್ತೇ ನೋಡಿದ್ರಾ?"

"ನೋಡಿದ್ದೆ."

"ಅವರಿಗೆ ಹೇಳಿದ್ರಾ?"

ಪ್ರಿಂಟನ್ನು ಮೇಜಿನ ಮೇಲಿಟ್ಟರು.

ಹೊಗಳಿಕೆ, ನಡುವೆ ತಪ್ಪು, ಮತ್ತೆ ಹೊಗಳಿಕೆ: ಹೀಗೆ ಹೇಳಿ ಅಂತ ಕಲಿಸುವವರಿದ್ದಾರೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ನಾಲ್ಕು ಸಲ ಕೇಳಿದವರು ಹೊಗಳಿಕೆ ಶುರುವಾದ ಕೂಡಲೇ "ಆದರೆ" ಯಾವಾಗ ಬರುತ್ತೆ ಅಂತ ಕಾಯುತ್ತಾರೆ. "ಸೂಪರ್" ಅಂದುಬಿಡುವುದರಿಂದಲೂ ಯಾರೂ ಏನೂ ಕಲಿಯುವುದಿಲ್ಲ. ರಾಯರಿಗೆ ಹೊಗಳಿ ಅಂತ ನಾನು ಹೇಳಲೇ ಇಲ್ಲ. ಈಗ ನನ್ನ ಮುಂದೆ ಹೇಳಿದ್ದನ್ನು ಅಲ್ಲಿ ಮೊದಲು ಹೇಳಿ ಅಂದೆ. ಅದಕ್ಕೂ ಮುಂಚೆ, "ಏನು ತೋರಿಸಬೇಕು ಅಂತ ತೆಗೆದಿರಿ?" ಅಂತ ಕೇಳಿ. ಹಕ್ಕಿಯ ಬೇಟೆ ತೋರಿಸಲು ಹೊರಟವರಿಗೂ ಊರೊಳಗಿನ ಹಕ್ಕಿಯನ್ನು ತೋರಿಸಲು ಹೊರಟವರಿಗೂ ಆ ಟ್ಯಾಂಕು ಒಂದೇ ಅಲ್ಲ, ಅಲ್ವಾ?

ತಪ್ಪು ಹೇಳುವುದಾದರೆ ಒಂದೇ ಹೇಳಿ. ಮುಂದಿನ ಭಾನುವಾರ ಅವರ ಕೈಯಲ್ಲಿ ಸರಿಮಾಡಲು ಆಗುವಂಥದ್ದು. ಹಕ್ಕಿ ಕೂತ ತಂತಿಯನ್ನು ಅವರು ಏನು ಮಾಡಲಾದೀತು? ಅದೇ, "ಬಿಳಿ ಹಕ್ಕಿಗೆ ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಬೀಳೋ ಬೆಳಕನ್ನ ಅರ್ಧಕ್ಕೆ, ಇಳಿಸಿ ನೋಡಿ, ಗರಿಯ ಗೆರೆ ಉಳಿಯುತ್ತೆ" ಅಂದರೆ ಅವರು ಮನೆಗೆ ಹೋಗಿ ಡಯಲ್ ಹುಡುಕುತ್ತಾರೆ. "ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ಟ್ಯಾಂಕಿನ ಬದಲು ಮರ ಬರುತ್ತಿತ್ತೇನೋ" ಅನ್ನುವುದನ್ನು ಇನ್ನೊಂದು ತಿಂಗಳಿಗೆ ಇಟ್ಟುಕೊಳ್ಳಿ.

ಆಗ ಅವರು ಒಳ್ಳೆಯ ಪ್ರಶ್ನೆ ಕೇಳಿದರು. ಗುಂಪಿನ ಒಬ್ಬರು ಪಿಕಳಾರದ ಗೂಡಿನ ಫೋಟೊ ತಂದಿದ್ದರು. ಮರಿಗಳು ಚೆನ್ನಾಗಿ ಕಾಣಲಿ ಅಂತ ಸುತ್ತಲಿನ ಎಲೆ ಕಿತ್ತಿದ್ದರು. "ಅದಕ್ಕೂ ಮೆತ್ತಗೆ ಮಾತಾಡಬೇಕಾ?"

ಖಂಡಿತ ಬೇಡ. ಅದು ಫೋಟೊ ಚೆನ್ನಾಗಿದೆಯೋ ಇಲ್ಲವೋ ಅನ್ನುವ ವಿಷಯವೇ ಅಲ್ಲ. ಎಲೆ ಹೋದರೆ ಮರಿ ಬಿಸಿಲಿಗೆ ಬೀಳುತ್ತದೆ, ಕಾಗೆ, ಕೆಂಬೂತದ ಕಣ್ಣಿಗೂ ಬೀಳುತ್ತದೆ. ನೇರವಾಗಿಯೇ ಹೇಳಿ, ಆದರೆ ಎಲ್ಲರೆದುರು ಬೇಡ, ಪಕ್ಕಕ್ಕೆ ಕರೆದು ಹೇಳಿ ಅಂದೆ. ಎಲ್ಲರೆದುರು ಹೇಳಿದರೆ ಮನುಷ್ಯ ಮಾನ ಉಳಿಸಿಕೊಳ್ಳಲು ವಾದಕ್ಕೆ ನಿಲ್ಲುತ್ತಾನೆ.

ಕೊನೆಗೆ ಇನ್ನೊಂದು ಕೆಲಸ ಕೊಟ್ಟೆ. ಮುಂದಿನ ಸಲ ಅವರದೇ ಒಂದು ಸೋತ ಫೋಟೊ ಒಯ್ಯಬೇಕು. ಇದಕ್ಕೆ ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು!

ಒಂದೂವರೆ ತಿಂಗಳ ಮೇಲೆ ಬಂದರು. ಟೀಚರಿಗೆ ಫೋನ್ ಮಾಡಿದ್ದರಂತೆ, ಎತ್ತಿರಲಿಲ್ಲ. ಮೀನಿನ ತಲೆಯ ವಿಷಯ, ಎರಡು ಪಟ್ಟಿಯ ವಿಷಯ ಬರೆದು ಮೆಸೇಜ್ ಕಳಿಸಿದ್ದರು. ನಾಲ್ಕು ದಿನ ಬಿಟ್ಟು "ಗೊತ್ತಿರಲಿಲ್ಲ ಸರ್, ಥ್ಯಾಂಕ್ಸ್" ಅಂತ ಉತ್ತರ ಬಂದಿತ್ತು. ಗುಂಪಿಗೆ ಮಾತ್ರ ಅವರು ವಾಪಸ್ ಬಂದಿಲ್ಲ.

"ನಿಮ್ಮ ಫೋಟೊ ಏನಾಯ್ತು?" ಅಂದೆ.

"ಒಯ್ದಿದ್ದೆ. ರಂಗನತಿಟ್ಟಿಂದು. ಹಾರೋ ಕೊಕ್ಕರೆ, ಒಂದು ರೆಕ್ಕೆ ತುದಿ ಕಟ್ಟಾಗಿದೆ, ನೀರು ಬೇರೆ ಓರೆ. ಏನಾದ್ರೂ ಹೇಳ್ರಪ್ಪಾ ಅಂದೆ. ಏಳು ಜನಾನೂ ಉಪ್ಪಿಟ್ಟಿನ ತಟ್ಟೆ ನೋಡ್ತಾ ಕೂತರು. ಈಗ ಏನು ಮಾಡಲಿ ಮೇಡಂ?"

"ಮುಂದಿನ ತಿಂಗಳು ಇನ್ನೊಂದು ಒಯ್ಯಿರಿ" ಅಂದೆ.