ಬಿಡಿಎಸ್ (ಹಲ್ಲಿನ ಡಾಕ್ಟರ್ ಓದು) ಆಗಿದೆ, ಎಂಪಿಎಚ್ (ಸಾರ್ವಜನಿಕ ಆರೋಗ್ಯದಲ್ಲಿ ಮಾಸ್ಟರ್ಸ್) ಮಾಡ್ಬೇಕು ಅಂತಿದೀನಿ. ಇಲ್ಲೇ ಮಾಡ್ಲಾ, ಅಮೆರಿಕಾಗೆ ಅಪ್ಲೈ ಮಾಡ್ಲಾ? ಅಂತ ಕೇಳಿದೀರ.

ದಾವಣಗೆರೆ ಕಡೆಯವ್ರು, ಒಪಿಡಿಲಿ ಗುಟ್ಕಾ ಕೇಸ್ ನೋಡಿ ನೋಡಿ ಈ ಕಡೆ ಮನಸ್ಸಾಯ್ತು ಅಂದಿದೀರ. ನಾನು ಎಂಪಿಎಚ್ ಮುಗಿಸಿ ಇದೇ ಫೀಲ್ಡಲ್ಲಿದೀನಿ, ಜೂನಿಯರ್ಸ್‌ಗೆ ಎಸ್ಒಪಿ (ಈ ಕೋರ್ಸ್ ಯಾಕೆ ಬೇಕು ಅಂತ ಅರ್ಜಿ ಜೊತೆ ಬರೆಯೋ ಪತ್ರ) ಓದಿ ಕೊಡ್ತಿರ್ತೀನಿ, ಹಾಗಾಗಿ ಅನ್ಸಿದ್ದು ಹೇಳ್ತೀನಿ.

ದೇಶ ಆಮೇಲೆ ನೋಡೋಣ, ಮೊದ್ಲು ಯಾವ ಕೆಲಸ ಬೇಕು ಅಂತ ತೀರ್ಮಾನ ಮಾಡ್ಕೊಳ್ಳಿ. ಎಂಪಿಎಚ್ ಆದ್ಮೇಲೆ ಪೇಶೆಂಟ್ ನೋಡೋದಿರಲ್ಲ, ಡೇಟಾ, ಸರ್ವೇ, ಪ್ರೋಗ್ರಾಂ, ರಿಪೋರ್ಟ್ ಇದೇ ದಿನಾ ಇರೋದು. ತಂಬಾಕಿನ ಮೇಲೆ ಇಲ್ಲೇ ಕೆಲಸ ಮಾಡೋದಾದ್ರೆ ಇಲ್ಲೇ ಓದಿ ಅಂತೀನಿ ನಾನು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1997ರಿಂದ ಎಂಪಿಎಚ್ ಇದೆ, ಮುಂಬೈ ಟಿಸ್‌ನಲ್ಲಿ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಸೋಶಿಯಲ್ ಎಪಿಡೆಮಿಯಾಲಜಿ (ಕಾಯಿಲೆ ಯಾರಿಗೆ, ಯಾಕೆ ಬರುತ್ತೆ ಅಂತ ಸಮಾಜದ ಕಡೆಯಿಂದ ನೋಡೋ ಓದು) ಎಂಪಿಎಚ್ ಇದೆ, ನಮ್ಮಲ್ಲೇ ನಿಮ್ಹಾನ್ಸ್, ಮಣಿಪಾಲ್, ಮೈಸೂರು ಜೆಎಸ್ಎಸ್ ಇವೆ. ರ‍್ಯಾಂಕಿಂಗ್ ಬಿಟ್ಟು ಸಿಲಬಸ್ ತೆಗೆದು ನೋಡಿ, ಬಯೋಸ್ಟಾಟಿಸ್ಟಿಕ್ಸ್ (ಆರೋಗ್ಯದ ಅಂಕಿಅಂಶ ಶಾಸ್ತ್ರ) ಎಷ್ಟಿದೆ, ಆರ್ ಅಥವಾ ಸ್ಟಾಟಾ ಅನ್ನೋ ಡೇಟಾ ಸಾಫ್ಟ್‌ವೇರ್ ಕೈಯಲ್ಲಿ ಮಾಡಿಸ್ತಾರಾ, ಡಿಸರ್ಟೇಶನ್‌ಗೆ ನೀವೇ ಹಳ್ಳಿಗೆ ಹೋಗಿ ಡೇಟಾ ತರ್ಬೇಕಾ ಅಂತ, ಆಮೇಲೆ ಹಿಂದಿನ ಬ್ಯಾಚ್‌ನವ್ರು ಎಲ್ಲಿ ಕೆಲಸಕ್ಕೆ ಸೇರಿದಾರೆ ಅಂತ ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಒಬ್ಬಿಬ್ರಿಗೆ ಮೆಸೇಜ್ ಹಾಕಿ, ಹೇಳ್ತಾರೆ.

ಅಮೆರಿಕಾ ಆದ್ರೆ ಸೋಫಾಸ್ ಅಂತ ಒಂದೇ ಪೋರ್ಟಲ್‌ನಿಂದ ತುಂಬಾ ಯೂನಿವರ್ಸಿಟಿಗೆ ಅಪ್ಲೈ ಮಾಡ್ಬೋದು, ಮಾರ್ಕ್ಸ್ ಕಾರ್ಡ್‌ನ ವೆಸ್ ಥರದ ಏಜೆನ್ಸಿ ಕಡೆ ಅಲ್ಲಿನ ಲೆಕ್ಕಕ್ಕೆ ಇವ್ಯಾಲ್ಯುಯೇಶನ್ ಮಾಡಿಸ್ಬೇಕು, ಅದು ತಡ ಆಗುತ್ತೆ, ಬೇಗ ಶುರು ಮಾಡಿ. ಜಿಆರ್‌ಇ ಪರೀಕ್ಷೆ ಈಗ ತುಂಬಾ ಕಡೆ ಕೇಳಲ್ಲ. ಆದ್ರೆ ಸಾಲ ಮಾಡಿ ಹೋಗೋರು ಒಂದು ಗಮನಿಸಿ, 2025ರಲ್ಲಿ ಅಮೆರಿಕಾ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಮುಚ್ಚಿದ ಮೇಲೆ ಗ್ಲೋಬಲ್ ಹೆಲ್ತ್ ಕೆಲಸಗಳಿಗೆ ದೊಡ್ಡ ಪೆಟ್ಟು ಬಿದ್ದಿದೆ. ಎಪಿಡೆಮಿಯಾಲಜಿ, ಬಯೋಸ್ಟಾಟಿಸ್ಟಿಕ್ಸ್ ಸುಮಾರು ಕಡೆ ಸ್ಟೆಮ್ ಲಿಸ್ಟಲ್ಲಿ (ವಿಜ್ಞಾನ-ತಂತ್ರಜ್ಞಾನ ಕೋರ್ಸುಗಳ ಸರ್ಕಾರಿ ಪಟ್ಟಿ) ಬರುತ್ತೆ, ಈಗಿನ ರೂಲ್ಸ್ ಪ್ರಕಾರ ಒಂದು ವರ್ಷದ ಒಪಿಟಿ (ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡೋಕೆ ಕೊಡೋ ಅನುಮತಿ) ಮೇಲೆ ಇನ್ನೆರಡು ವರ್ಷ ಸಿಗುತ್ತೆ, ಜನರಲ್ ಎಂಪಿಎಚ್‌ಗೆ ಆ ಎರಡು ವರ್ಷ ಸಾಮಾನ್ಯವಾಗಿ ಸಿಗಲ್ಲ. ಫೀಸ್ ಕಟ್ಟೋ ಮುಂಚೆ ಆ ಕೋರ್ಸಿನ ಕೋಡ್ ಏನು, ಅದು ಸ್ಟೆಮ್ ಲಿಸ್ಟಲ್ಲಿದೆಯಾ ಅಂತ ಮೇಲ್ ಮಾಡಿ ಕೇಳಿ.

ಇನ್ನು ಎಸ್ಒಪಿ. "ಚಿಕ್ಕಂದಿನಿಂದ ಸಮಾಜಸೇವೆ ಆಸೆ" ಅಂತ ದಯವಿಟ್ಟು ಬರೀಬೇಡಿ. ನಿಮ್ಹತ್ರ ಅದಕ್ಕಿಂತ ಎಷ್ಟೋ ಒಳ್ಳೇದಿದೆ. ಗುಟ್ಕಾ ತಿಂದು ತಿಂದು ಬಾಯಿ ಎರಡು ಬೆರಳಷ್ಟೂ ತೆಗೆಯೋಕಾಗದ ಇಪ್ಪತ್ತರ ಹುಡುಗ್ರು ನಿಮ್ಮ ಚೇರಲ್ಲಿ ಕೂತಿದಾರೆ, ಕರ್ನಾಟಕದಲ್ಲಿ ಗುಟ್ಕಾ ಬ್ಯಾನ್ ಆಗಿದ್ದು 2013ರಲ್ಲಿ, ಆದ್ರೂ ಇದು ಯಾಕೆ ನಿಂತಿಲ್ಲ? ಪಾನ್ ಮಸಾಲಾ ಒಂದು ಸ್ಯಾಶೆ, ತಂಬಾಕು ಇನ್ನೊಂದು ಸ್ಯಾಶೆ, ಒಂದೇ ಅಂಗಡೀಲಿ ಅಕ್ಕಪಕ್ಕ ನೇತಾಕಿರ್ತಾರೆ, ಕೊಂಡವ್ನು ಎರಡೂ ಬೆರೆಸಿ ಬಾಯಿಗೆ ಹಾಕ್ಕೊಳ್ತಾನೆ. ಇದನ್ನ ನೋಡಿ ನಿಮ್ಗೆ ಯಾವ ಪ್ರಶ್ನೆ ಬಂತು, ಅದಕ್ಕೆ ಉತ್ತರ ಹುಡ್ಕೋಕೆ ಯಾವ ವಿದ್ಯೆ ಬೇಕು, ಆ ಕೋರ್ಸಲ್ಲಿ ಅದು ಎಲ್ಲಿ ಸಿಗುತ್ತೆ ಅಂತ ಬರೀರಿ ಸಾಕು. ಓದೋರಿಗೆ ನೀವು ಯಾರು ಅಂತ ಗೊತ್ತಾಗುತ್ತೆ.

ರೆಕಮೆಂಡೇಶನ್‌ಗೆ ದೊಡ್ಡ ಹೆಸರಿನವ್ರ ಹಿಂದೆ ಓಡೋದು ಬೇಡ, ಇಂಟರ್ನ್‌ಶಿಪ್ಪಲ್ಲಿ ಕ್ಯಾಂಪ್‌ಗೆ ಕರ್ಕೊಂಡು ಹೋದ ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿ ಮೇಡಂ ಬರೆದ ಒಂದು ಪುಟಕ್ಕೆ ತೂಕ ಜಾಸ್ತಿ. ಡೆಡ್‌ಲೈನ್‌ಗೆ ಎರಡು ತಿಂಗಳು ಮುಂಚೆನೇ ಕೇಳಿ, ಜೊತೆಗೆ ನಿಮ್ಮ ಎಸ್ಒಪಿ ಡ್ರಾಫ್ಟೂ ಕಳ್ಸಿ.