ಗೆಳೆಯರ ಜೊತೆ ಸಕಲೇಶಪುರ ಟ್ರಿಪ್, ನಡುವೆ ಒಂದು ಎಂಟಿಬಿ ರೇಸ್: ನಾನೂ ಹೆಸರು ಕೊಡಲಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಗೆಳೆಯರೆಲ್ಲ ವಾರಾಂತ್ಯಕ್ಕೆ ಸಕಲೇಶಪುರಕ್ಕೆ ಹೊರಟಿದ್ದೀರಿ. ಭಾನುವಾರ ಬೆಳಿಗ್ಗೆ ಅಲ್ಲೇ ಒಂದು ಕಾಫಿ ತೋಟದಲ್ಲಿ ಮೌಂಟೇನ್ ಬೈಕ್ (ಎಂಟಿಬಿ) ರೇಸ್ ಇದೆ. ಮಿಕ್ಕವರೆಲ್ಲ ಹೆಸರು ಕೊಟ್ಟಾಗಿದೆ. ನೀವು ಇಲ್ಲಿಯವರೆಗೆ ಸೈಕಲ್ ತುಳಿದಿರುವುದು ಟಾರು ರಸ್ತೆಯಲ್ಲಿ ಮಾತ್ರ. ಇಳಿಯೋದಾ, ಇಲ್ಲಾ ಫೋಟೊ ತೆಗೀತಾ ನಿಲ್ಲೋದಾ?

ಇಳಿಯಿರಿ. ಆದರೆ ಶನಿವಾರ ಮಧ್ಯಾಹ್ನದೊಳಗೆ ಅಲ್ಲಿಗೆ ತಲುಪಿ, ರೇಸ್ ನಡೆಯುವ ದಾರಿಯಲ್ಲಿ ಒಂದು ಸುತ್ತು ಹೋಗಿಬರಬೇಕು. ಅದು ಆಗುವುದಿಲ್ಲ ಅಂದರೆ ಫೋಟೊ ತೆಗೆಯುವುದೇ ವಾಸಿ. ಆ ಕಡೆಯ ತೋಟದ ರೇಸ್‌ಗಳಿಗೆ ನಮ್ಮ ಗುಂಪೂ ಹೋಗುತ್ತಿರುತ್ತದೆ. ಗೆಲ್ಲುವವರ ಪೈಕಿ ನಾವಲ್ಲ, ಮುಗಿಸಿ ನಗುತ್ತಾ ಬರುವವರ ಪೈಕಿ. ಒಂದು ತಿಂಗಳು ಬೆಳಗ್ಗೆ ಎದ್ದು ಮಾಡಿದ ಪ್ರಾಕ್ಟೀಸ್‌ಗಿಂತ ಆ ಶನಿವಾರದ ಸುತ್ತೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಇಂಥ ರೇಸ್‌ಗಳು ಸಾಮಾನ್ಯವಾಗಿ ಕ್ರಾಸ್ ಕಂಟ್ರಿ ಮಾದರಿಯವು. 1996ರ ಅಟ್ಲಾಂಟಾದಿಂದ ಒಲಿಂಪಿಕ್ಸ್‌ನಲ್ಲಿ ಇರುವುದೂ ಇದೇ. ನಾಲ್ಕೈದು ಕಿಲೋಮೀಟರಿನ ಒಂದು ಸುತ್ತು. ಎಲ್ಲರೂ ಒಟ್ಟಿಗೆ ಹೊರಟು, ಹೇಳಿದಷ್ಟು ಸುತ್ತು ಮುಗಿಸಬೇಕು. ನಂದಿ ಬೆಟ್ಟ ಹತ್ತಿ ಬಂದವರಿಗೆ ಇದೇನು ಮಹಾ ಅನ್ನಿಸುತ್ತದೆ. ನಂದಿಯಲ್ಲಿ ಒಂದು ಲಯ ಸಿಕ್ಕರೆ ತುಳೀತಾ ಹೋಗಬಹುದು, ಅಲ್ವಾ? ತೋಟದಲ್ಲಿ ಆ ಲಯವೇ ಸಿಗುವುದಿಲ್ಲ. ಸ್ವಲ್ಪ ಏರು, ಏರಿದ ಕೂಡಲೇ ತಿರುವು, ಬೇರು, ಇಳಿಜಾರು, ಮತ್ತೆ ಏರು. ಇಳಿಜಾರಲ್ಲಿ ಸುಧಾರಿಸಿಕೊಳ್ಳೋಣ ಅಂದುಕೊಂಡರೆ ಅಲ್ಲೇ ಮೈಯೆಲ್ಲ ಬಿಗಿಯಾಗುತ್ತದೆ. ಮೊದಲ ಸಲದವರು ಸೋಲುವುದು ಕಾಲಿನ ಶಕ್ತಿಯಲ್ಲಿ ಅಲ್ಲ, ಇಳಿಯುವಾಗ ಹೆದರಿ ಬ್ರೇಕ್ ಹಿಡಿಯುವುದರಲ್ಲಿ.

ಮುಖ್ಯವಾಗಿ ಸಿಲ್ವರ್ ಓಕ್ ಎಲೆ. ನೆರಳಿಗೆ ಅಂತ ತೋಟದ ತುಂಬ ಆ ಮರ ಹಾಕಿ, ಅದಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ನೋಡೋಕೆ ಚೆಂದ. ಆದರೆ ಉದುರಿದ ಎಲೆ ಒಣಗಿ ಒಂದರ ಮೇಲೊಂದು ಬಿದ್ದಿರುತ್ತದೆ. ಅಡಿಯಲ್ಲಿ ಬೇರಿದೆಯೋ ಕಲ್ಲಿದೆಯೋ ಕಾಣುವುದಿಲ್ಲ. ಮುಂದಿನ ಚಕ್ರ ಎಲೆಯ ಮೇಲಿದ್ದಾಗ ಮುಂದಿನ ಬ್ರೇಕ್ ಒತ್ತಿದಿರೋ, ಚಕ್ರ ಜಾರಿ ನೀವು ಕಾಫಿ ಗಿಡದೊಳಗೆ. ಹಾಗಂತ "ಮುಂದಿನ ಬ್ರೇಕ್ ಮುಟ್ಟಲೇಬೇಡಿ" ಅನ್ನುವವರ ಮಾತು ಕೇಳಬೇಡಿ. ಸೈಕಲ್ ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಅದಕ್ಕೇ. ತಿರುವು ಬರುವ ಮೊದಲೇ, ನೆಲ ಗಟ್ಟಿ ಇರುವ ಕಡೆ, ಎರಡೂ ಬ್ರೇಕನ್ನು ಒಂದೊಂದು ಬೆರಳಲ್ಲಿ ಹಿಡಿದು ವೇಗ ಇಳಿಸಿ. ಎಲೆ ಬಂತು ಅಂದರೆ ಬೆರಳು ಸಡಿಲ ಬಿಡಿ. ಇಳಿಜಾರಲ್ಲಿ ಸೀಟಿನ ಮೇಲೆ ಕೂರಬೇಡಿ. ಎರಡೂ ಪೆಡಲ್ ಸಮವಾಗಿಟ್ಟು, ಎದ್ದು ನಿಂತು, ಮೈಭಾರ ಸ್ವಲ್ಪ ಹಿಂದಕ್ಕೆ ತನ್ನಿ.

ನಮ್ಮ ಗುಂಪಿನಲ್ಲಿ ಮೂಡಿಗೆರೆ ಕಡೆಯವನೊಬ್ಬ ಇದ್ದಾನೆ. ಶನಿವಾರದ ಸುತ್ತಿನಲ್ಲಿ ಅವನು ಕಷ್ಟದ ಇಳಿಜಾರು ಬಂದಾಗಲೆಲ್ಲ ಸೈಕಲನ್ನು ಕೆಳಗೆ ಮರಕ್ಕೊರಗಿಸಿ, ವಾಪಸ್ ಮೇಲಕ್ಕೆ ನಡೆಯುತ್ತಾನೆ. ಶೂ ತುದಿಯಿಂದ ಎಲೆ ಸರಿಸಿ ಬೇರು ಎಲ್ಲಿದೆ ನೋಡುತ್ತಾನೆ. ಒಂದು ಸಲ ತಿರುವಿನಲ್ಲೇ ದೊಡ್ಡ ಹಲಸಿನ ಮರ ಇತ್ತು. "ಮರ ನೋಡಬೇಡ ಮಾರಾಯ, ಅದರ ಎಡಗಡೆ ದಾರಿ ಎಲ್ಲಿಗೆ ಹೋಗ್ತದೆ ಅದನ್ನ ನೋಡು" ಅಂದ. ನಿಜ, ಕಣ್ಣು ಹೋದ ಕಡೆಗೇ ಸೈಕಲ್ ಹೋಗುತ್ತದೆ. ಇನ್ನೊಂದು, ಮಳೆ ನೀರು ಇಂಗಲಿ ಅಂತ ಗಿಡದ ಸಾಲುಗಳ ಮಧ್ಯೆ ತೊಟ್ಟಿಲು ಗುಂಡಿ ತೋಡಿರುತ್ತಾರೆ. ದಾರಿ ಬಿಟ್ಟು ಪಕ್ಕಕ್ಕೆ ನುಗ್ಗಿ ಓವರ್‌ಟೇಕ್ ಮಾಡುವವರು ಸೀದಾ ಅದರೊಳಗೆ ಇಳಿಯುತ್ತಾರೆ.

ಸೈಕಲ್ಲಿಗೆ ಹೊಸದಾಗಿ ದುಡ್ಡು ಸುರಿಯಬೇಡಿ. ಮುಂದೆ ಸಸ್ಪೆನ್ಷನ್, ಡಿಸ್ಕ್ ಬ್ರೇಕ್, ಸವೆಯದ ಟಯರ್ ಇದ್ದರೆ ಬಾಡಿಗೆಯದೂ ಸಾಕು. ಗಾಳಿ ಮಾತ್ರ ನೋಡಿಕೊಳ್ಳಿ. ರಸ್ತೆಯ ಅಭ್ಯಾಸದಲ್ಲಿ ಕಲ್ಲಿನ ಹಾಗೆ ಗಾಳಿ ತುಂಬಿಸಿದರೆ ಬೇರಿನ ಮೇಲೆ ಟಯರ್ ಪುಟಿಯುತ್ತದೆ, ಹಿಡಿತ ಸಿಗುವುದಿಲ್ಲ. ಟ್ಯೂಬ್ ಇರುವ ಟಯರಿಗೆ, ನಡುಗಾತ್ರದ ಮೈಯವರಾದರೆ ಗಾಳಿಯ ಒತ್ತಡ 30 ಪಿಎಸ್‌ಐ (ಪಂಪಿನ ಮೀಟರಿನಲ್ಲಿ ಕಾಣುವ ಅಳತೆ) ಆಸುಪಾಸು ಸರಿ. ತೀರಾ ಇಳಿಸಿದರೆ ಟ್ಯೂಬ್ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನ ಗಾಳಿ ಹಿಡಿಯುವುದಿಲ್ಲ, ಒಂದು ಅಡಾಪ್ಟರ್ ಇಲ್ಲವೇ ಕೈಪಂಪು ಇಟ್ಟುಕೊಳ್ಳಿ. ಹೆಲ್ಮೆಟ್ ಇಲ್ಲದೆ ಸ್ಟಾರ್ಟ್ ಲೈನಿಗೆ ಬಿಡುವುದಿಲ್ಲ, ಬಿಡಲೂಬಾರದು. ಬೆರಳು ಪೂರ್ತಿ ಮುಚ್ಚುವ ಗ್ಲೌಸ್ ಹಾಕಿ, ಬಿದ್ದಾಗ ಮೊದಲು ನೆಲಕ್ಕೆ ಊರುವುದು ಕೈ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಸಕಲೇಶಪುರ, ಆಲೂರು ಕಡೆ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ. ಬೆಳಗಿನ ಜಾವ ಅಥವಾ ಕತ್ತಲಾಗುವ ಹೊತ್ತಿಗೆ "ಇನ್ನೊಂದು ಸುತ್ತು ಹೋಗಿ ಬರ್ತೀನಿ" ಅಂತ ಒಬ್ಬರೇ ಹೊರಡಬೇಡಿ. ರೇಸ್ ದಿನ ಅಲ್ಲಲ್ಲಿ ಜನ ನಿಂತಿರುತ್ತಾರೆ, ಹಿಂದಿನ ದಿನ ಯಾರೂ ಇರುವುದಿಲ್ಲ. ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರನ್ನೋ ಕೆಲಸದವರನ್ನೋ ಕೇಳಿ, ಆಮೇಲೆ ಹೋಗಿ. ಆನೆ ಎಲ್ಲಿದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ದಾರಿಯಲ್ಲಿ ಉಣಗೋಲು (ಅಡ್ಡಗಳ ಹಾಕಿದ ಬೇಲಿಯ ಗೇಟು) ಸಿಕ್ಕರೆ, ದಾಟಿದ ಮೇಲೆ ಮೊದಲಿನ ಹಾಗೇ ಹಾಕಿ ಬನ್ನಿ.

ಈಗ ಗೆಳೆಯರ ವಿಷಯ. ರೇಸ್ ಶುರುವಾದ ಮೇಲೆ ಒಟ್ಟಿಗೆ ಹೋಗುವ ಆಸೆ ಬಿಡಿ. ಯಾರು ಯಾರಿಗೂ ಕಾಯುವುದಿಲ್ಲ, ಬಿದ್ದು ಏಟಾಗಿದ್ದರೆ ಮಾತ್ರ ನಿಲ್ಲುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಮುಂದಿರುವವನು ತಿರುಗಿ ತಿರುಗಿ ನೋಡುತ್ತಾನೆ, ಹಿಂದಿರುವವನು ಅವನನ್ನು ಹಿಡಿಯಲು ಮೊದಲ ಏರಿನಲ್ಲೇ ಸುಸ್ತಾಗುತ್ತಾನೆ. ಹೊರಡುವಾಗ ಹಿಂದಿನ ಸಾಲಿನಲ್ಲಿ ನಿಲ್ಲಿ. ಹಿಂದಿನಿಂದ ಯಾರಾದರೂ "ಬಲಕ್ಕೆ ಬಲಕ್ಕೆ" ಅಂತ ಕೂಗಿದರೆ, ನಿಮ್ಮ ಬಲಗಡೆಯಿಂದ ಮುಂದೆ ಹೋಗುತ್ತಿದ್ದಾರೆ ಅಂತ ಅರ್ಥ, ಗಾಬರಿಯಾಗದೆ ಎಡಕ್ಕೆ ಸರಿದು ಜಾಗ ಕೊಡಿ. ಸೈಕಲ್ ಇಳಿದು ತಳ್ಳಿಕೊಂಡು ಹೋಗುವುದು ತಪ್ಪಲ್ಲ, ದಾರಿ ಮಧ್ಯೆ ತಳ್ಳುವುದು ತಪ್ಪು.

ಹೆಸರು ಕೊಡುವಾಗ ಹವ್ಯಾಸಿಗಳ ಅಮೆಚೂರ್ ವಿಭಾಗಕ್ಕೇ ಕೊಡಿ. ಪಳಗಿದವರ ಎಲೀಟ್ ವಿಭಾಗಕ್ಕೆ ವಿಜಯಪುರ, ಬಾಗಲಕೋಟೆ, ಗದಗದ ಹುಡುಗರು ಬಂದರೆ ಮುಗೀತು, ಪೋಡಿಯಂ ಅವರದೇ. ಆ ಭಾಗದಲ್ಲಿ ಸೈಕಲ್ ರೇಸ್ ಅಂದರೆ ಹಬ್ಬ. ಗದಗದಲ್ಲಿ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಷಿಪ್ಪೇ ನಡೆದಿದೆ. ಅವರು ಪಕ್ಕದಲ್ಲಿ ಹಾದುಹೋಗುವಾಗ ಇಳಿಜಾರಲ್ಲಿ ಮೈ ಹೇಗಿಟ್ಟಿರುತ್ತಾರೆ ನೋಡಿ. ಯಾವ ವಿಡಿಯೊದಲ್ಲೂ ಅಷ್ಟು ಹತ್ತಿರದಿಂದ ಸಿಗುವುದಿಲ್ಲ.

ಶನಿವಾರ ರಾತ್ರಿ ಹೋಂಸ್ಟೇಯಲ್ಲಿ ಅಕ್ಕಿ ರೊಟ್ಟಿ, ಕೋಳಿ ಸಾರು ಬಡಿಸುತ್ತಲೇ ಇರುತ್ತಾರೆ. ತಿನ್ನಿ, ಆದರೆ ಬೇಗ ಮಲಗಿ. ಪಾರ್ಟಿಯನ್ನು ಭಾನುವಾರ ಮಧ್ಯಾಹ್ನಕ್ಕೆ ತಳ್ಳಿ, ಇದಕ್ಕೆ ಗೆಳೆಯರನ್ನು ಒಪ್ಪಿಸುವುದೇ ರೇಸ್‌ಗಿಂತ ಕಷ್ಟ. ಬೆಳಿಗ್ಗೆ ರೇಸ್‌ಗೆ ಎರಡು ಗಂಟೆ ಮುಂಚೆ ಇಡ್ಲಿ, ಬಾಳೆಹಣ್ಣು ಸಾಕು. ಜೇಬಿನಲ್ಲಿ ಎರಡು ಕಡಲೆ ಚಿಕ್ಕಿ ಇರಲಿ.

ಬೆಂಗಳೂರಿಗೆ ವಾಪಸ್ 220 ಕಿಲೋಮೀಟರ್ ಚಿಲ್ಲರೆ. ಭಾನುವಾರ ಸಂಜೆ ನೆಲಮಂಗಲದಿಂದ ಈಚೆಗೆ ಹೇಗಿರುತ್ತದೆ ನಿಮಗೇ ಗೊತ್ತು. ರೇಸ್ ಮಾಡದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಕಾರು ಅವರ ಕೈಗೆ ಕೊಡಿ. ಬೇಕಿದ್ದರೆ ಫೋಟೊ ತೆಗೆಯುವ ಕೆಲಸವೂ ಅವರಿಗೇ ಇರಲಿ.